ಬಣ್ಣವಿಲ್ಲದ ಉಡುಗೆ

17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರೈಸ್ತ ಪಂಥಗಳಲ್ಲಿ ಕ್ವೇಕರ್ ಪಂಥವೂ ಒಂದು. ಸತ್ಯ, ಸರಳತೆ, ಅಹಿಂಸೆಗಳು ಅದರ ಆದರ್ಶಗಳು. ಈ ಪಂಥದ ಒಕ್ಕಲು ಮನೆತನವೊಂದರಲ್ಲಿ ಜಾನ್ ವೂಲ್ಮನ್ 1720ರಲ್ಲಿ ಜನಿಸಿದನು. ಅವನ ನಾಡು ಅಮೆರಿಕದ ನ್ಯೂಜೆರ್ಸಿ. ಅದು ಆಗ ಬ್ರಿಟಿಷರ ವಸಾಹತು.

ಬಾಲ್ಯದಲ್ಲೊಮ್ಮೆ ಅವನು ಗೂಡಿನಲ್ಲಿ ಕುಳಿತಿದ್ದ ರಾಬಿನ್ ಹಕ್ಕಿಯನ್ನು ಕಂಡನು. ಅವನು ಸಮೀಪಿಸಲು ಅದು ಹಾರಿತು. ಆದರೆ ಮರಿಗಳನ್ನು ಅಗಲಲಾರದೆ ಚೀರುತ್ತ ಅಲ್ಲಿಯೇ ಸುತ್ತತೊಡಗಿತು. ಬಾಲಕನು ಆಟಕ್ಕೆಂದು ಎಸೆದ ಕಲ್ಲು ತಗುಲಿ ಹಕ್ಕಿ ಸತ್ತುಬಿದ್ದಿತು. ಗುರಿ ಮುಟ್ಟಿದ ಹಿಗ್ಗು ಬಹುಬೇಗ ಅಳಿಯಿತು. ತಾಯಿಯಿಲ್ಲದ ಮರಿಗಳು ನರಳಿ ನರಳಿ ಸಾಯುವುವೆಂದು ಹೊಳೆದಾಗ ಅವನ ಎದೆ ನಡುಗಿತು. ಬೇರೆ ದಾರಿ ಕಾಣದೆ ಮರವೇರಿ ಅವುಗಳನ್ನೂ ಕೊಂದನು. ಈ ನೋವನ್ನು ಅವನು ಮುಂದೆ ತನ್ನ ಆತ್ಮವೃತ್ತಾಂತದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿಟ್ಟನು.

ಯೌವನದಲ್ಲಿ ವೂಲ್ಮನ್ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಒಮ್ಮೆ ಯಜಮಾನನು ಗುಲಾಮ ಸ್ತ್ರೀಯೊಬ್ಬಳ ಕ್ರಯಪತ್ರ ಬರೆಯಲು ಹೇಳಿದನು. ಅಳುಕುತ್ತಲೇ ಬರೆದುಕೊಟ್ಟ ಅವನಿಗೆ ಮನಶ್ಶಾಂತಿ ಇಲ್ಲವಾಯಿತು. ಮುಂದೆ ಅಂಥ ಪತ್ರ ಬರೆಯಲು ಅವನು ಒಪ್ಪಲಿಲ್ಲ. ಗುಲಾಮರನ್ನಿಟ್ಟುಕೊಂಡಿದ್ದ ತನ್ನ ಪಂಥದವರ ಮನೆಗಳಿಗೇ ಹೋಗಿ, ಅವರನ್ನು ಬಿಡುಗಡೆ ಮಾಡಿರೆಂದು ವಿನಯದಿಂದ ಒತ್ತಾಯಿಸಿದನು.

ಸ್ವಂತ ವ್ಯಾಪಾರವು ಬೆಳೆದಾಗ ಅದೊಂದು ಬಂಧನವೆನಿಸಿ ಅದನ್ನು ತೊರೆದನು. ಬಟ್ಟೆ ಹೊಲಿದು, ಸೇಬಿನ ಸಸಿಗಳನ್ನು ಬೆಳೆಸಿ ಜೀವನ ಸಾಗಿಸಿದನು. ಊರಿನ ಮಕ್ಕಳಿಗೆ ಪಾಠ ಹೇಳಿದನು. ಅವರಿಗಾಗಿ ಮೊದಲ ಪಾಠಗಳ ಪುಸ್ತಕವೊಂದನ್ನು ರಚಿಸಿದನು.

ಗುಲಾಮರ ದುಡಿಮೆಯಿಂದ ತಯಾರಾದ ಸಕ್ಕರೆಯನ್ನು ಅವನು ಬಿಟ್ಟನು. ಬಣ್ಣವು ಕೊಳೆಯನ್ನು ಮರೆಮಾಚುವುದೆಂದೂ ಬಟ್ಟೆಯ ಬಾಳಿಕೆಯನ್ನು ಕುಗ್ಗಿಸುವುದೆಂದೂ ಭಾವಿಸಿ ಬಣ್ಣವಿಲ್ಲದ ಉಡುಗೆ ತೊಟ್ಟನು. ಅವನ ವಿಚಿತ್ರ ಟೋಪಿಯನ್ನು ಕಂಡು ಸ್ವಪಂಥದ ಕೆಲವರೇ ದೂರ ಸರಿದರು. ಅದು ಅವನಿಗೆ ನೋವನ್ನುಂಟುಮಾಡಿದರೂ ಅವನು ಹಿಂಜರಿಯಲಿಲ್ಲ. ಭೂಮಿಯ ಫಲವು ಸೃಷ್ಟಿಕರ್ತನ ಕೊಡುಗೆ. ಇಂದಿನವರ ಆಡಂಬರಕ್ಕಾಗಿ ನೆಲವನ್ನು ಬಡವಾಗಿಸುವುದು ಮುಂದೆ ಹುಟ್ಟುವವರಿಗೆ ಬಗೆಯುವ ಅನ್ಯಾಯ ಎಂಬುದು ಅವನ ದೃಢ ನಂಬಿಕೆಯಾಗಿತ್ತು.

1772ರಲ್ಲಿ ವೂಲ್ಮನ್ ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿದನು. ಹಡಗಿನಲ್ಲಿ ಅಲಂಕೃತ ಕೋಣೆಯನ್ನು ಬಿಟ್ಟು, ನಾವಿಕರ ಬಳಿಯ ಇಕ್ಕಟ್ಟಿನ ಸ್ಥಳದಲ್ಲಿ ಉಳಿದು ಅವರ ಕಷ್ಟಗಳನ್ನು ಕಣ್ಣಾರೆ ಕಂಡನು. ಅಲ್ಲಿನ ಸಾರೋಟುಗಳ ವೇಗಕ್ಕೆ ಕುದುರೆಗಳು ಬಲಿಯಾಗುತ್ತಿದ್ದವು. ಅವುಗಳನ್ನು ನಡೆಸುವ ಹುಡುಗರು ಚಳಿಯಲ್ಲಿ ಬಳಲುತ್ತಿದ್ದರು. ಆದ್ದರಿಂದ ಅವನು ಕಾಲ್ನಡಿಗೆಯಲ್ಲಿಯೇ ದೇಶ ಸುತ್ತಿದನು. ಯಾರ್ಕ್ ನಗರದಲ್ಲಿ ಸಿಡುಬು ತಗುಲಿ, ಅಕ್ಟೋಬರ್ 7ರಂದು ತೀರಿಕೊಂಡನು.

ನಾಲ್ಕು ವರ್ಷಗಳ ತರುವಾಯ, 1776ರಲ್ಲಿ, ಫಿಲಡೆಲ್ಫಿಯದ ಕ್ವೇಕರರ ವಾರ್ಷಿಕ ಸಭೆಯು ತನ್ನ ಸದಸ್ಯರು ಗುಲಾಮರನ್ನು ಹೊಂದಿರುವುದನ್ನು ನಿಷೇಧಿಸಿತು. ಬಳಸುವ ಪ್ರತಿಯೊಂದು ವಸ್ತುವಿನ ಹಿಂದೆ ಯಾರ ಬೆವರಿದೆ, ಯಾವ ಜೀವದ ನೋವಿದೆ ಎಂದು ತನ್ನನ್ನು ತಾನೇ ಕೇಳಿಕೊಂಡವನು ವೂಲ್ಮನ್. ಈ ಭೂಮಿಯನ್ನು ಮುಂದಿನವರ ಕೈಗೆ ಒಪ್ಪಿಸಬೇಕಾದ ಪ್ರತಿಯೊಂದು ತಲೆಮಾರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.