ತನ್ನ ರೋಗಿಗಳನ್ನು ವಾಪಸ್ ಕರೆದ ಸರ್ಜನ್

ಆಪರೇಷನ್ ಥಿಯೇಟರಿನಲ್ಲಿ ಕೋಖರ್ ಕೊಡಿ ಅಂದ್ರೆ ಕೈಗೆ ಬರೋದು ತುದಿಯಲ್ಲಿ ಹಲ್ಲಿರುವ ಒಂದು ಫೋರ್ಸೆಪ್ಸ್. ಆ ಹೆಸರಿನ ಮನುಷ್ಯ ಥಿಯೋಡರ್ ಕೋಖರ್, 1909ರಲ್ಲಿ ನೊಬೆಲ್ ಪಡೆದ ಸರ್ಜನ್. ನನಗೆ ಆತ ಮುಖ್ಯ ಅನ್ನಿಸೋದು ಪ್ರಶಸ್ತಿಗಲ್ಲ, ತನ್ನ ಕೆಲಸದ ಲೆಕ್ಕ ಒಪ್ಪಿಸಿದ ರೀತಿಗೆ.

ಹುಟ್ಟಿದ್ದು 1841ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ. 1872ರಲ್ಲಿ ಅಲ್ಲಿನ ಸರ್ಜರಿ ಪ್ರೊಫೆಸರ್ ಹುದ್ದೆಗೆ ಅಧ್ಯಾಪಕರು ಮೊದಲು ಸೂಚಿಸಿದ್ದು ಒಬ್ಬ ಜರ್ಮನ್‌ನ ಹೆಸರನ್ನು. ವಿದ್ಯಾರ್ಥಿಗಳೂ ವೈದ್ಯರೂ ಸರ್ಕಾರಕ್ಕೆ ಮನವಿ ಕೊಟ್ಟರು, ಪತ್ರಿಕೆಗಳು ದನಿಗೂಡಿಸಿದವು. ಮೂವತ್ತರ ಕೋಖರ್ ಆಯ್ಕೆಯಾದ. 1917ರಲ್ಲಿ ಸಾಯೋವರೆಗೂ, 45 ವರ್ಷ, ಅದೇ ಹುದ್ದೆ.

ಆಲ್ಪ್ಸ್ ಸೀಮೆಯ ಮಣ್ಣಿನಲ್ಲಿ ಅಯೋಡಿನ್ ಕಮ್ಮಿ. ಹಾಗಾಗಿ ಗಳಗಂಡ ಅಲ್ಲಿ ಆಗ ಮಾಮೂಲಾಗಿತ್ತು. ಗಡ್ಡೆ ಬೆಳೆದು ಉಸಿರುಗಟ್ಟಿದರೆ ಕತ್ತರಿಸಬೇಕು, ಆದರೆ 19ನೇ ಶತಮಾನದ ನಡುವಿನಲ್ಲಿ ಹಾಗೆ ಆಪರೇಷನ್ ಆದ 10 ಜನರಲ್ಲಿ ಸುಮಾರು 4 ಮಂದಿ ಸಾಯ್ತಿದ್ರು. ಕೋಖರ್ ಶುಚಿತ್ವ ತಂದ, ಒಂದೊಂದೇ ರಕ್ತನಾಳ ಕಟ್ಟಿ ನಿಧಾನಕ್ಕೆ ಕೆಲಸ ಮಾಡಿದ. ಕೊನೆಗೆ 5,000 ದಾಟಿದ ಆಪರೇಷನ್‌ಗಳಲ್ಲಿ ಸಾವು ಶೇ. 1ಕ್ಕಿಂತ ಕೆಳಗಿಳಿಯಿತು.

ಇಷ್ಟಕ್ಕೇ ನಿಲ್ಲಿಸಿದ್ರೆ ಇದು ಯಶಸ್ಸಿನ ಕಥೆ. ಆದರೆ 1874ರಲ್ಲಿ ಆತ 11 ವರ್ಷದ ಹುಡುಗಿಯೊಬ್ಬಳ ಥೈರಾಯ್ಡನ್ನು ಪೂರ್ತಿ ತೆಗೆದಿದ್ದ. ಮುಂದೆ ಅವಳ ಬೆಳವಣಿಗೆ ನಿಂತು, ಬುದ್ಧಿ ಮಂಕಾಯಿತು. 1882ರಲ್ಲಿ ಜಿನೀವಾದ ಸರ್ಜನ್ ರೆವೆರ್ದಿನ್ ಕೂಡ ತನ್ನ ರೋಗಿಗಳಲ್ಲಿ ಇಂಥದ್ದೇ ಬದಲಾವಣೆ ಕಂಡಿದ್ದಾಗಿ ತಿಳಿಸಿದ. ಕೋಖರ್ ಹಳೆಯ ರೋಗಿಗಳನ್ನೆಲ್ಲ ವಾಪಸ್ ಕರೆದ. ಥೈರಾಯ್ಡ್ ಪೂರ್ತಿ ಕಳಕೊಂಡು ಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಮಂದಿಗೆ ಅದೇ ಸ್ಥಿತಿ. 1883ರಲ್ಲಿ ಬರ್ಲಿನ್‌ನ ಸರ್ಜನ್‌ಗಳ ಸಮಾವೇಶದಲ್ಲಿ ಅದನ್ನೆಲ್ಲರ ಮುಂದಿಟ್ಟ. ಗಳಗಂಡಕ್ಕೆ ಥೈರಾಯ್ಡನ್ನು ಪೂರ್ತಿ ತೆಗೆಯೋದನ್ನು ಕೈಬಿಟ್ಟ. ಆ 16 ಜನರಿಗೆ ಆಗ ಔಷಧ ಇರಲಿಲ್ಲ, ಥೈರಾಯ್ಡ್ ಸಾರದ ಚಿಕಿತ್ಸೆ ಬಂದದ್ದು 1891ರಲ್ಲಿ. ಕೋಖರ್‌ನನ್ನು ಹೊಗಳುವಾಗ ಈ ಬೆಲೆ ತೆತ್ತವರನ್ನು ಮರೆಯಬಾರದು.

ಅದೇ ಕಾಲದಲ್ಲಿ ವಿಯೆನ್ನಾದ ಬಿಲ್‌ರಾತ್‌ನ ರೋಗಿಗಳಿಗೆ ಬೇರೆಯೇ ತೊಂದರೆ: ಆಪರೇಷನ್ ಆದ ಮೇಲೆ ಬೆರಳು ಸೆಟೆದು, ಸ್ನಾಯು ಹಿಡಿದುಕೊಳ್ತಿತ್ತು. ಒಂದೇ ಆಪರೇಷನ್ನಿಗೆ ಎರಡು ಫಲ ಯಾಕೆ? ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡು, ಸಾಮಾನ್ಯವಾಗಿ ನಾಲ್ಕು, ಅಕ್ಕಿಕಾಳಿನಷ್ಟು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ರಕ್ತದ ಕ್ಯಾಲ್ಸಿಯಂ ಕಾಯೋದು ಇವೇ. ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ 1880ರಲ್ಲೇ ಇವುಗಳ ಬಗ್ಗೆ ಬರೆದಿದ್ದರೂ ಗಮನಿಸಿದವರು ಕಮ್ಮಿ. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ ಇಬ್ಬರ ಕೈಚಳಕವನ್ನೂ ಹೋಲಿಸಿ ವಿವರಣೆ ಕೊಟ್ಟ: ಬಿಲ್‌ರಾತ್‌ನದು ವೇಗ. ಥೈರಾಯ್ಡಿನ ಚೂರು ಉಳಿದರೂ ಪುಟ್ಟ ಗ್ರಂಥಿಗಳಿಗೆ, ಅವುಗಳ ರಕ್ತನಾಳಕ್ಕೆ ಪೆಟ್ಟು ಬೀಳ್ತಿತ್ತು. ಕೋಖರ್‌ನದು ರಕ್ತ ಸೋರದ ನಾಜೂಕು ಕೆಲಸ. ಥೈರಾಯ್ಡ್ ಪೂರ್ತಿ ಹೋದರೂ ಅವು ಉಳೀತಿದ್ವು.

ಅಂದ್ರೆ, ಇದೆ ಅಂತಲೇ ಗೊತ್ತಿಲ್ಲದ ಅಂಗವನ್ನು ಆತನ ನಿಧಾನವೇ ಕಾಪಾಡಿತ್ತು. ಇವತ್ತಿನ ಸರ್ಜನ್‌ಗಳು ಗೊತ್ತಿದ್ದೇ ಕಾಪಾಡ್ತಾರೆ: ರಕ್ತನಾಳವನ್ನು ಥೈರಾಯ್ಡಿಗೆ ಒತ್ತಿದಂತೆಯೇ ಕಟ್ಟುತ್ತಾರೆ, ರಕ್ತ ತಪ್ಪಿದ ಗ್ರಂಥಿಯನ್ನು ಸಣ್ಣಗೆ ಹೆಚ್ಚಿ ಕುತ್ತಿಗೆಯ ಸ್ನಾಯುವಿನೊಳಗೆ ನೆಡುತ್ತಾರೆ, ಆಮೇಲೆ ಕ್ಯಾಲ್ಸಿಯಂ ಪರೀಕ್ಷಿಸುತ್ತಾರೆ. ತುಟಿ, ಬೆರಳ ತುದಿ ಜುಮ್ಮೆಂದರೆ ತಕ್ಷಣ ಹೇಳಿ ಅಂತ ರೋಗಿಗೂ ತಿಳಿಸಬೇಕಾದ್ದು ಇದಕ್ಕೇ.

ವೇಗವೇ ಸಾಮರ್ಥ್ಯ ಅಂತ ನಂಬಿಸೋ ಕಾಲ ನಮ್ಮದು. ಎಷ್ಟು ಆಪರೇಷನ್ ಆಯ್ತು, ಎಷ್ಟು ಕಾರ್ಡ್ ಹಂಚಿದ್ರು ಅನ್ನೋದೇ ಆರೋಗ್ಯ ನೀತಿಯ ಸಾಧನೆಯಾಗಿ ಪ್ರಚಾರವಾಗುತ್ತೆ. ಡಿಸ್ಚಾರ್ಜ್ ದಿನಕ್ಕೇ ಲೆಕ್ಕ ಮುಗಿಸಿದ್ದರೆ ಕೋಖರ್‌ಗೂ ಆ 16 ಜನ ಕಾಣ್ತಿರಲಿಲ್ಲ. ಆಪರೇಷನ್ ಆಗಿ ಆರು ತಿಂಗಳಾದ ಮೇಲೂ ಕ್ಯಾಲ್ಸಿಯಂ ಮಾತ್ರೆ ನುಂಗ್ತಿರೋರು ಎಷ್ಟು ಜನ? ಸಾರ್ವಜನಿಕ ಹಣ ಪಡೆಯೋ ಪ್ರತಿ ಆಸ್ಪತ್ರೆಯೂ ಆ ಸಂಖ್ಯೆ ಪ್ರಕಟಿಸಲಿ ಅಂತ ನಾವು ಕೇಳಬೇಕು.