ಟಿಪ್ಪು ಸುಲ್ತಾನನೂ ಸಿಡಿಮದ್ದೂ

ಮೈಸೂರಿನ ಇತಿಹಾಸವನ್ನು ಓದಿದವರಿಗೆ ಟಿಪ್ಪು ಸುಲ್ತಾನನ ಹೆಸರು ಹೊಸದಲ್ಲ. ಆದರೆ ಅವನ ಏಳುಬೀಳುಗಳೆರಡರಲ್ಲಿಯೂ ಸಿಡಿಮದ್ದಿನ ಪಾತ್ರವೆಷ್ಟೆಂಬುದನ್ನು ಯೋಚಿಸಿದವರು ಕಡಮೆ.

ಹೈದರಾಲಿಯ ಹಿರಿಯ ಮಗನಾದ ಟಿಪ್ಪು ದೇವನಹಳ್ಳಿಯಲ್ಲಿ ಜನಿಸಿದನು. ಎಳವೆಯಲ್ಲಿಯೇ ತಂದೆಯೊಡನೆ ರಣರಂಗವನ್ನು ಕಂಡನು. ಆ ಸೈನ್ಯದ ವೈಶಿಷ್ಟ್ಯವೆಂದರೆ ಅಗ್ನಿಬಾಣ, ಎಂದರೆ ರಾಕೆಟ್ಟು. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಬಿದಿರಿನ ಗಳುವಿಗೆ ಕಟ್ಟುತ್ತಿದ್ದರು. ಮದ್ದು ಉರಿದು ಹುಟ್ಟಿದ ಅನಿಲವು ಹಿಂಬದಿಯ ರಂಧ್ರದಿಂದ ರಭಸವಾಗಿ ನುಗ್ಗಿದಂತೆಲ್ಲ ಬಾಣವು ಮುಂದಕ್ಕೆ ಹಾರುವುದು. ಕಾಗದದ ಕೊಳವೆಗಿಂತ ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಬಾಣವು ಬಹುದೂರ ಹೋಗುತ್ತಿತ್ತು.

ಅದೇ ಮದ್ದು ಮುಚ್ಚಿದ ಪೆಟ್ಟಿಗೆಯಲ್ಲಿ ಹೊತ್ತಿಕೊಂಡರೆ ಅನಿಲಕ್ಕೆ ದಾರಿಯೇ ಇಲ್ಲ. ಪೆಟ್ಟಿಗೆ ಒಡೆದಾಗ ಸುತ್ತಲಿನ ಗಾಳಿಗೆ ಮೆಲ್ಲಗೆ ಸರಿಯಲು ಸಮಯವಿರುವುದಿಲ್ಲ. ಅದು ಒತ್ತೊತ್ತಾಗಿ ಗೋಡೆಯಂತೆ ಮುನ್ನುಗ್ಗುವುದು. ಸ್ಫೋಟವು ಪ್ರಬಲವಾಗಿದ್ದರೆ ಈ ಅಲೆಯು ಶಬ್ದಕ್ಕಿಂತಲೂ ವೇಗವಾಗಿ ಸಾಗುವುದು. ಇದನ್ನೇ ಆಘಾತ ತರಂಗವೆನ್ನುವರು. ದೂರ ಹೋದಂತೆ ಅದು ಕ್ಷೀಣಿಸಿ ಬರಿಯ ಸದ್ದಾಗಿ ಉಳಿಯುತ್ತದೆ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಮದ್ದಿನ ಬಂಡಿಗಳು ಹೀಗೆಯೇ ಸಿಡಿದು ಇಂಗ್ಲಿಷರ ವ್ಯೂಹ ಮುರಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಕದನದ ಚಿತ್ರವನ್ನು ಈಗಲೂ ನೋಡಬಹುದು. 1782ರಲ್ಲಿ ತಂದೆ ತೀರಿಕೊಂಡ ಮೇಲೆ ಟಿಪ್ಪು ಪಟ್ಟಕ್ಕೆ ಬಂದನು.

ಅನಂತರ ಯುದ್ಧವು ನಮ್ಮ ಸೀಮೆಗೇ ಬಂದಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಮಾಗಡಿಯ ಬಳಿಯ ಸಾವನದುರ್ಗವನ್ನು ಮುತ್ತಿತು. ಆ ಹೆಬ್ಬಂಡೆಯನ್ನು ಒಡೆಯಬಲ್ಲ ಫಿರಂಗಿ ಯಾರಲ್ಲಿಯೂ ಇರಲಿಲ್ಲ. ಆದರೆ ಬಂಡೆಯ ಮೇಲೆ ಕಟ್ಟಿದ ಗೋಡೆ ಬಿರುಕುಬಿಟ್ಟಿತು. 21ರಂದು ದುರ್ಗ ಬಿದ್ದಿತು. ಕೆಲವೇ ದಿನಗಳಲ್ಲಿ ಇಂದಿನ ರಾಮನಗರದ ರಾಮಗಿರಿಯೂ ಶರಣಾಯಿತು. ಮರುವರ್ಷದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡನು; ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು.

1799ರ ಮೇ 2ರಂದು ಶತ್ರುಗಳ ಗುಂಡೊಂದು ಶ್ರೀರಂಗಪಟ್ಟಣದ ಕೋಟೆಯೊಳಗಿದ್ದ ಬಾಣಗಳ ಉಗ್ರಾಣಕ್ಕೆ ತಗುಲಿ ಭೀಕರವಾದ ಸ್ಫೋಟವಾಯಿತು. ಪೊಳ್ಳಿಲೂರಿನಲ್ಲಿ ಗೆಲುವು ತಂದಿತ್ತ ಮದ್ದು ಇಲ್ಲಿ ಮನೆಯನ್ನೇ ಸುಟ್ಟಿತು. ಎರಡು ದಿನಗಳ ಮೇಲೆ, ಕೋಟೆಯ ಬಿರುಕಿನಿಂದ ಸೇನೆ ಒಳನುಗ್ಗಿದಾಗ, ಟಿಪ್ಪು ಕಾದಾಡುತ್ತ ಮಡಿದನು.

ಅವನ ಬಾಣಗಳು ಇಂಗ್ಲೆಂಡಿಗೆ ಹೋದುವು. ವಿಲಿಯಂ ಕಾಂಗ್ರೀವನು ಅವುಗಳ ಜಾಡಿನಲ್ಲಿ ಪ್ರಯೋಗಗಳನ್ನು ನಡೆಸಿ, ತೂಗಿ, ಅಳೆದು, ಬರೆದಿಟ್ಟು ಹೊಸ ರಾಕೆಟ್ಟುಗಳನ್ನು ನಿರ್ಮಿಸಿದನು. ಇಲ್ಲಿಯೋ, ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕ ಬಾಣಗಳು ತುಕ್ಕು ಹಿಡಿದು 2018ರವರೆಗೆ ಮಲಗಿದ್ದುವು. ನಮ್ಮ ಕಮ್ಮಾರರ ಕೈಗೆ ತಿಳಿದಿದ್ದ ವಿದ್ಯೆ ಕಾಗದಕ್ಕೆ ಇಳಿದು ಮುಂದಿನವರಿಗೆ ಸಾಗಲಿಲ್ಲ. ಟಿಪ್ಪುವಿನ ಬಾಳಿನಿಂದ ವಿದ್ಯಾರ್ಥಿಗಳಾದ ನಾವು ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದು.