ಪಾಠ ಹೇಳುತ್ತಲೇ ಓದಿದ ವಿಶ್ವೇಶ್ವರಯ್ಯ

ಶಿಂಷಾ ದಂಡೆಯ ವೈದ್ಯನಾಥಪುರದಿಂದ ಮದ್ದೂರು ದಾಟಿ ಮಂಡ್ಯದ ಕಡೆ ಹೊರಟರೆ ಕನ್ನಂಬಾಡಿಯ ನೀರು ಕುಡಿದ ಕಬ್ಬು, ಭತ್ತದ ಗದ್ದೆಗಳನ್ನು ಕಾಣುತ್ತೇವೆ. ನೀರು ತರುವ ನಾಲೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿದೆ. ಆ ಮಹನೀಯರು ದುಡಿಯುತ್ತಲೇ ಓದಿದವರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಸಿಕ್ಕಿತು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ಮಲಗುವುದು ಆ ಮನೆಯಲ್ಲಿ, ಊಟ ಮಾವನ ಮನೆಯಲ್ಲಿ, ತರಗತಿ ಕಾಲೇಜಿನಲ್ಲಿ, ನಡುವೆಯೆಲ್ಲ ಕಾಲ್ನಡಿಗೆ. ಮುಂದೆ ಹೆಸರುವಾಸಿಯಾದ ಅವರ ಸಮಯಪಾಲನೆ ಈ ಓಡಾಟದಲ್ಲೇ ಮೈಗೂಡಿರಬೇಕೆಂದು ನಮ್ಮ ಅನಿಸಿಕೆ.

ರಾತ್ರಿ ಕೇಟರಿಂಗ್ ಕೆಲಸ ಮುಗಿಸಿ ಬೆಳಿಗ್ಗೆ ಕಾಲೇಜಿಗೆ ಬರುವ ನಮ್ಮ ಧರ್ಮಕೇಂದ್ರಗಳ ಮಕ್ಕಳಿಗೆ, ವೇಳಾಪಟ್ಟಿ ಹಾಕಿಕೊಳ್ಳಿ ಎಂದು ಬುದ್ಧಿ ಹೇಳುವ ನಾವು ಈ ಕತೆಯ ಮುಂದಿನ ಭಾಗವನ್ನೂ ತಿಳಿದಿರಬೇಕು. ಬಿ.ಎ. ಆದ ಮೇಲೆ ಮೈಸೂರು ಸರ್ಕಾರ ಅವರಿಗೆ ವಿದ್ಯಾರ್ಥಿವೇತನ ಕೊಟ್ಟಿತು. ಪುಣೆಯ ವಿಜ್ಞಾನ ಕಾಲೇಜು ಸೇರಿದರು. ಮನೆಪಾಠಕ್ಕೆ ಹೋಗುತ್ತಿದ್ದ ಹೊತ್ತೂ ಓದಿಗೇ ದಕ್ಕಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಮರುವರ್ಷ ಅಲ್ಲಿನ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದರು.